ಕುದುರೆಯೋ ಕತ್ತೆಯೋ: ಒಂದು ಹಳೇ ಅಸ್ಥಿಪಂಜರ ಬಿಚ್ಚಿ ಕಟ್ಟಿದ್ದು

ಸೋಮವಾರ ಬೆಳಗ್ಗೆ ಮ್ಯೂಸಿಯಂ ಬಾಗಿಲು ತೆಗೆದಾಗ ಕುದುರೆಯ ಪಕ್ಕೆಲುಬೊಂದು ನೆಲದ ಮೇಲೆ ಬಿದ್ದಿತ್ತು. ಮೂಳೆಗೆ ಏನೂ ಆಗಿರಲಿಲ್ಲ. ಅದನ್ನು ಕಟ್ಟಿದ್ದ ಹಿತ್ತಾಳೆ ತಂತಿ ಮಾತ್ರ ಮುಟ್ಟಿದರೆ ಪುಡಿಯಾಗುತ್ತಿತ್ತು. ಅಟೆಂಡರ್ ಅಣ್ಣ ಮೂಳೆ ಎತ್ತಿ, ಒರೆಸಿ, ಮೇಜಿನ ಮೇಲಿಟ್ಟರು. "ಮೇಡಂ, ಒಂದು ತಂತಿ ಸುತ್ತಿಬಿಡಲಾ?" ಅಂದರು.

ಹಿಂದಿನವರೆಲ್ಲ ಮಾಡಿದ್ದು ಅದನ್ನೇ. ಹತ್ತಿರ ಹೋಗಿ ನೋಡಿದರೆ ಈ ಒಂದು ಪ್ರಾಣಿಯ ಮೈಯಲ್ಲಿ ಐದು ಬಗೆಯ ತಂತಿ ಇತ್ತು. ಮೊದಲು ಕಟ್ಟಿದವರ ಹಿತ್ತಾಳೆ, ಆಮೇಲಿನವರ ತಾಮ್ರ, ಕಬ್ಬಿಣ, ಪ್ಲಾಸ್ಟಿಕ್ ಹೊದಿಕೆಯ ಕರೆಂಟ್ ವೈರು, ಕೊನೆಗೆ ಮೀನು ಹಿಡಿಯುವ ನೈಲಾನ್ ದಾರ. ಯಾರು, ಯಾವಾಗ, ಯಾಕೆ ಕಟ್ಟಿದರು ಎಂದು ಒಂದು ಚೀಟಿಯೂ ಇಲ್ಲ. ಆರನೆಯ ತಂತಿ ನನ್ನದಾಗುವುದು ಬೇಡ ಅನ್ನಿಸಿತು.

ನಮ್ಮ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಮ್ಯೂಸಿಯಂ ದೊಡ್ಡದೇನಲ್ಲ. ಒಂದು ಉದ್ದನೆಯ ಹಾಲ್. ಗೋಡೆಯುದ್ದಕ್ಕೂ ಗಾಜಿನ ಬೀರುಗಳು, ಅವುಗಳೊಳಗೆ ಫಾರ್ಮಲಿನ್ ಜಾಡಿಗಳು, ಒಣಗಿಸಿ ತುಂಬಿದ ಹಕ್ಕಿಗಳು. ನಟ್ಟನಡುವೆ ಮರದ ಪೀಠದ ಮೇಲೆ ಈ ಕುದುರೆ. ಬೆನ್ನೆಲುಬಿನೊಳಗೆ ಒಂದು ಕಬ್ಬಿಣದ ಸರಳು, ಅದನ್ನು ಹೊರಲು ಎರಡು ಕಬ್ಬಿಣದ ಕಂಬ. ಮೇಲಿಂದ ತೂಗುಗುಂಡು ಬಿಟ್ಟು ಅಳೆದೆ. ಎಡಕ್ಕೆ 9 ಸೆಂಟಿಮೀಟರ್ ವಾಲಿತ್ತು. ಕುದುರೆ ಕಂಡರೆ ಕಾಲುನೋವು ಅಂತಾರಲ್ಲ, ನಮ್ಮ ಕುದುರೆಗೇ ಕಾಲುನೋವು.

ಪೂರ್ತಿ ಬಿಚ್ಚುವುದು, ತೊಳೆಯುವುದು, ಹೊಸ ಸರಳಿನ ಮೇಲೆ ಕಟ್ಟುವುದು ಎಂದು ಠರಾವಾಯಿತು. ನಾನು, ಅಟೆಂಡರ್ ಅಣ್ಣ, ಇಬ್ಬರು ಸ್ಟೂಡೆಂಟ್ಸ್. ಎರಡು ತಿಂಗಳು ಸಾಕು ಅಂದುಕೊಂಡಿದ್ದೆವು. ಏಳು ತಿಂಗಳು ಹಿಡಿಯಿತು.

ಮುಟ್ಟುವ ಮುಂಚೆ

ಮೊದಲ ವಾರ ಒಂದು ಮೂಳೆಯನ್ನೂ ಬಿಚ್ಚಲಿಲ್ಲ. ಸುಮ್ನೆ ಫೋಟೋ ತೆಗೆದೆವು. ನಾಲ್ಕು ದಿಕ್ಕಿನಿಂದ, ಮೇಲಿಂದ, ಕೆಳಗಿಂದ, ಪ್ರತಿ ಕೀಲಿನ ಹತ್ತಿರದಿಂದ. ಅಳತೆಪಟ್ಟಿ ಪಕ್ಕದಲ್ಲಿಟ್ಟೇ ತೆಗೆಯಬೇಕು. ಇಲ್ಲದಿದ್ದರೆ ಆಮೇಲೆ ಆ ಫೋಟೋ ನೋಡೋಕೆ ಮಾತ್ರ ಚೆನ್ನ.

ಜಾಗ ಮಾಡಿಕೊಳ್ಳಲು ಪಕ್ಕದ ಹಕ್ಕಿಗಳ ಬೀರು ಸರಿಸಬೇಕಿತ್ತು. ಇಲ್ಲಿ ಒಂದು ಎಚ್ಚರಿಕೆ. ಹಳೇ ಕಾಲದ ತುಂಬಿದ ಚರ್ಮಗಳಿಗೆ ಹುಳ ಬೀಳದಂತೆ ಪಾಷಾಣ, ಅಂದರೆ ಆರ್ಸೆನಿಕ್, ಬೆರೆಸಿದ ಸೋಪು ಬಳಿಯುತ್ತಿದ್ದರು. 18ನೇ ಶತಮಾನದಲ್ಲಿ ಫ್ರಾನ್ಸಿನ ಬೆಕೂರ್ ಎಂಬಾತ ಮಾಡಿದ ಸೋಪು ಅದು. ಆಮೇಲೆ ಎಲ್ಲ ಕಡೆ ಹಬ್ಬಿ, 20ನೇ ಶತಮಾನದಲ್ಲೂ ಬಳಕೆಯಲ್ಲಿತ್ತು. ಆ ವಿಷಕ್ಕೆ ಆಯಸ್ಸು ಮುಗಿಯುವುದು ಅಂತ ಇಲ್ಲ. ಗರಿಯ ಬುಡದಲ್ಲಿ, ಕಾಲಿನ ಸಂದಿಯಲ್ಲಿ ಬಿಳಿ ಪುಡಿ ಕಂಡರೆ ಬರಿಗೈ ಹಾಕಬಾರದು. ಪುಡಿ ಕಾಣದಿದ್ದರೂ ಹಾಕಬಾರದು. ಕೈಗವಸು, ಮಾಸ್ಕ್ ಹಾಕಿಕೊಂಡು ಬೀರು ತೆರೆಯದೆ ಹಾಗೇ ಸರಿಸಿದೆವು.

ಬಿಚ್ಚುವುದು

ಮೊದಲು ತಲೆಬುರುಡೆ ಇಳಿಸಿದೆವು, ಆಮೇಲೆ ಬಾಲ, ಕಾಲುಗಳು, ಪಕ್ಕೆಲುಬುಗಳು. ಬೆನ್ನೆಲುಬು ಕೊನೆಗೆ.

ಪ್ರತಿ ಮೂಳೆಗೂ ನಂಬರ್. ನೇರವಾಗಿ ಮೂಳೆಯ ಮೇಲೆ ಪೆನ್ನಿಂದ ಬರೆಯುವಂತಿಲ್ಲ, ಶಾಯಿ ಒಳಗಿಳಿದರೆ ಜನ್ಮಕ್ಕೂ ಹೋಗಲ್ಲ. ಕಣ್ಣಿಗೆ ಬೀಳದ ಕಡೆ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಒಂದು ಸಣ್ಣ ಪಟ್ಟಿ ಬಳಿಯಬೇಕು. ಒಣಗಿದ ಮೇಲೆ ಅದರ ಮೇಲೆ ಇಂಡಿಯನ್ ಇಂಕಿನಲ್ಲಿ ನಂಬರ್, ಅದರ ಮೇಲೆ ಮತ್ತೊಂದು ಪದರ. ಬೇಡವೆಂದಾಗ ಅಸಿಟೋನ್ ಹಚ್ಚಿದರೆ ನಂಬರ್ ಸಮೇತ ಎದ್ದು ಬರುತ್ತದೆ.

ಪಕ್ಕೆಲುಬು ಜೋಡಿಸೋದೇ ಒಂದು ಆಟ. ಕುದುರೆಗೆ 18 ಜೋಡಿ. ಬಿಚ್ಚುವಾಗಲೇ ನಂಬರ್ ಹಾಕಿದರೂ, ಹಿಂದೆ ಕಟ್ಟಿದವರು ಸರಿಯಾಗಿ ಕಟ್ಟಿದ್ದರೇ ಎಂಬುದು ಬೇರೆ ಮಾತು. ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟೆವು. ಪಕ್ಕೆಲುಬಿನ ಮೇಲ್ತುದಿಯಲ್ಲಿ ಎರಡು ಉಬ್ಬು ಇರುತ್ತವೆ, ಒಂದು ತಲೆ, ಇನ್ನೊಂದು ಗುಬಟು. ಎರಡೂ ಬೆನ್ನೆಲುಬಿಗೆ ತಾಗುತ್ತವೆ. ಮುಂದಿನ ಪಕ್ಕೆಲುಬುಗಳಲ್ಲಿ ಇವೆರಡರ ನಡುವೆ ಅಂತರ ಜಾಸ್ತಿ. ಹಿಂದೆ ಹೋದಂತೆ ಹತ್ತಿರವಾಗುತ್ತಾ, ಕೊನೆಯವುಗಳಲ್ಲಿ ಹೆಚ್ಚುಕಡಿಮೆ ಒಂದಾಗಿಬಿಡುತ್ತವೆ. ಈ ಲೆಕ್ಕ ಹಿಡಿದು ನೋಡಿದರೆ ಬಲಗಡೆಯ 11 ಮತ್ತು 12 ಅದಲುಬದಲಾಗಿದ್ದವು. ಹೊರಗಿಂದ ನೋಡಿದರೆ ಯಾರಿಗೂ ಗೊತ್ತಾಗದು. ಆದರೆ 12ರ ಜಾಗದಲ್ಲಿ ಕೂರಿಸಲು 11ರ ಗುಬಟನ್ನು ಯಾರೋ ಅರದಿಂದ ಉಜ್ಜಿದ್ದರು. ಅದನ್ನು ನೋಡಿ ಸಿಟ್ಟು ಬಂತು. ಕೂರದಿದ್ದರೆ ಮೂಳೆ ತಪ್ಪಿದೆ ಅಂತ ಅರ್ಥ, ಉಜ್ಜು ಅಂತಲ್ಲ.

ತಂತಿಯ ವಿಷಯ. ಹಿತ್ತಾಳೆ ತಂತಿ ತಾಗಿದ ಕಡೆಯಲ್ಲೆಲ್ಲ ಹಸಿರು ಮೇಣದಂಥದು ಮೆತ್ತಿಕೊಂಡಿತ್ತು. ಪಾತ್ರೆಗೆ ಹಿಡಿಯುವ ಕಿಲುಬಿನದೇ ದಾಯಾದಿ. ಮೂಳೆಯೊಳಗಿನ ಕೊಬ್ಬು ಕಾಲಕ್ರಮೇಣ ಹುಳಿಯಾಗಿ ಹೊರಗೆ ಜಿನುಗುತ್ತದೆ, ಅದು ಹಿತ್ತಾಳೆಯ ತಾಮ್ರದ ಜತೆ ಸೇರಿ ಹೀಗೆ ಹಸಿರು ಸೋಪಾಗುತ್ತದೆ. ತಂತಿ ಒಳಗಿಂದೊಳಗೇ ಸವೆದು ಕೊನೆಗೊಂದು ದಿನ ಪಕ್ಕೆಲುಬು ನೆಲಕ್ಕೆ. ಅಂದರೆ ಮೊದಲು ಮೂಳೆ ತಯಾರು ಮಾಡಿದವರು ಕೊಬ್ಬು ಸರಿಯಾಗಿ ತೆಗೆದಿರಲಿಲ್ಲ. ಈ ಎಲ್ಲ ಪಾಡಿನ ಬೇರು ಅಲ್ಲಿದೆ.

ಕಷ್ಟವಾಗಿದ್ದು ಬೆನ್ನೆಲುಬಿನ ಸರಳು. ಕಬ್ಬಿಣ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ. ಎದೆಭಾಗದ ಮೂರು ಮಣಿಗಳಲ್ಲಿ, ಅಂದರೆ ಬೆನ್ನೆಲುಬಿನ ಬಿಡಿ ಮೂಳೆಗಳಲ್ಲಿ, ಸರಳು ಬಿಗಿಯಾಗಿ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ತಟ್ಟಿ ಹೊರಡಿಸಬಹುದು ಅನ್ನಿಸುತ್ತದೆ, ಅನ್ನಿಸಿದರೂ ತಟ್ಟಬಾರದು. ಮಣಿ ಮತ್ತು ಮಣಿಯ ನಡುವಿನ ಬೆಂಡಿನ ಬಿಲ್ಲೆ ಕಿತ್ತು ತೆಗೆದು, ಆ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ಮಾತ್ರ ತೂರಿಸಿ ಸರಳನ್ನು ತುಂಡು ತುಂಡಾಗಿ ಕೊಯ್ದೆವು. ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ನಿಧಾನವಾಗಿ. ಒಂದು ಕೊಯ್ತಕ್ಕೆ ನಲವತ್ತು ನಿಮಿಷ. ಆಮೇಲೆ ಪ್ರತಿ ಮಣಿಯೊಳಗೆ ಉಳಿದ ತುಂಡನ್ನು ಇಕ್ಕಳದಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ಸಡಿಲ ಮಾಡುವುದು.

ಎರಡು ಬಂದವು. ಮೂರನೆಯದಕ್ಕೆ ನನಗೆ ತಾಳ್ಮೆ ಕೆಟ್ಟಿತು. ಸಂಜೆಯಾಗಿತ್ತು, ಇನ್ನೊಂದೇ ಇದೆ, ಮುಗಿಸಿಬಿಡೋಣ ಅಂತ ಸ್ವಲ್ಪ ಜೋರು ಹಾಕಿದೆ. ಟಿಕ್ ಅಂತ ಸದ್ದು. ಎಂಟನೇ ಎದೆಮಣಿಯ ಕಮಾನು ಬಿರುಕು ಬಿಟ್ಟಿತು. ಅಟೆಂಡರ್ ಅಣ್ಣ ಏನೂ ಹೇಳಲಿಲ್ಲ. ಲೈಟ್ ಆರಿಸಿದರು. ನಾವು ಮನೆಗೆ ಹೋದೆವು.

ಐದೇ ಐದು

ಬೆನ್ನೆಲುಬು ಬಿಡಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಸ್ಟೂಡೆಂಟ್ ಒಬ್ಬಳು ಎಣಿಸಿದಳು. ಕತ್ತಿನಲ್ಲಿ 7. ಅದು ಸರಿ, ಹೆಚ್ಚುಕಡಿಮೆ ಎಲ್ಲ ಸಸ್ತನಿಗಳಿಗೂ ಏಳೇ. ಜಿರಾಫೆಗೂ ಏಳು, ಇಲಿಗೂ ಏಳು. ಎದೆಯಲ್ಲಿ 18, ಸರಿ. ಸೊಂಟದಲ್ಲಿ 5.

"ಮೇಡಂ, ಕುದುರೆಗೆ ಸೊಂಟದಲ್ಲಿ ಆರು ಇರಬೇಕಲ್ವಾ?"

ಇರಬೇಕು. ಕುದುರೆಗೆ ಸಾಮಾನ್ಯವಾಗಿ ಆರು. ಕತ್ತೆಗೆ ಸಾಮಾನ್ಯವಾಗಿ ಐದು. ಹೇಸರಗತ್ತೆಗೆ ಐದೂ ಇರಬಹುದು, ಆರೂ ಇರಬಹುದು. ಇಷ್ಟಾಗಿದ್ದರೆ ಲೇಬಲ್ ಹರಿದು ಕತ್ತೆ ಅಂತ ಬರೆಯಬಹುದಿತ್ತು. ಆದರೆ ಅರಬ್ಬಿ ತಳಿಯ ಕೆಲವು ಕುದುರೆಗಳಿಗೂ ಐದೇ ಇರುವುದುಂಟು. ಹಾಗಾಗಿ ಬರೀ ಎಣಿಕೆ ನಂಬುವಂತಿಲ್ಲ.

ಹಲ್ಲು ನೋಡಿದೆವು. ಕೆಳದವಡೆಯ ಅಗಿಯುವ ಹಲ್ಲುಗಳ ಮೇಲ್ಮೈಯಲ್ಲಿ ಎನಾಮಲ್ ಹಾವಿನಂತೆ ಸುತ್ತಿಕೊಂಡಿರುತ್ತದೆ. ಒಳಬದಿಯಲ್ಲಿ, ಅಂದರೆ ನಾಲಿಗೆಯ ಕಡೆ, ಎರಡು ಗುಂಡು ಸುರುಳಿಗಳ ನಡುವೆ ಒಂದು ತಗ್ಗು. ಅದು ಕುದುರೆಯಲ್ಲಿ ತಟ್ಟೆಯ ಹಾಗೆ ಅಗಲ, ಕತ್ತೆಯಲ್ಲಿ ಕೊಡಲಿ ಹೊಡೆದ ಹಾಗೆ ಚೂಪು. ಭೂತಗನ್ನಡಿ ಹಿಡಿದು ಒಂದೊಂದೇ ಹಲ್ಲು ನೋಡಿದೆವು. ಎಲ್ಲ ಅಗಲ. ಕುದುರೆಯೇ.

ಹಲ್ಲು ನೋಡುತ್ತಾ ವಯಸ್ಸೂ ಸಿಕ್ಕಿತು. ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನ ಹೊರಮೈಯಲ್ಲಿ ಒಂದು ಗೆರೆ ಇರುತ್ತದೆ. ಸುಮಾರು 10 ವರ್ಷಕ್ಕೆ ವಸಡಿನ ಹತ್ತಿರ ಕಾಣಿಸಿಕೊಳ್ಳುತ್ತದೆ, 15ರ ಹೊತ್ತಿಗೆ ಅರ್ಧ ಹಲ್ಲಿಗೆ ಇಳಿಯುತ್ತದೆ, 20ಕ್ಕೆ ಹಲ್ಲಿನುದ್ದಕ್ಕೂ ಇರುತ್ತದೆ. ನಮ್ಮದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕೆಳಗೆ. ಇದು ಅಂದಾಜೇ, ಜನ್ಮಪತ್ರಿಕೆ ಅಲ್ಲ. ಕೋರೆಹಲ್ಲೂ ದಪ್ಪಗೆ ಇದ್ದವು, ಹಾಗಾಗಿ ಗಂಡು. ಹೆಣ್ಣು ಕುದುರೆಗಳಿಗೆ ಸಾಮಾನ್ಯವಾಗಿ ಕೋರೆ ಇರುವುದಿಲ್ಲ, ಇದ್ದರೂ ಚಿಕ್ಕದು.

ಸರಿ, ಕುದುರೆ. ಹುಟ್ಟುವಾಗಲೇ ಐದೋ, ಆಮೇಲೆ ಒಂದು ಕಳೆದದ್ದೋ?

ಉತ್ತರ ಬಂದದ್ದು ಮೂರು ಕಡೆಯಿಂದ. ಕುದುರೆಯ ಸೊಂಟದ ಮಣಿಗಳಿಗೆ ಎರಡೂ ಪಕ್ಕ ರೆಕ್ಕೆಯಂಥ ಚಾಚು ಇರುತ್ತವೆ. ಹಿಂದಿನ ಮಣಿಗಳಲ್ಲಿ ಈ ರೆಕ್ಕೆಗಳೂ ಒಂದಕ್ಕೊಂದು ತಾಗಿ ಕೀಲಾಗುತ್ತವೆ, ತಾಗುವ ಕಡೆ ನುಣುಪಾಗಿ ಹೊಳೆಯುತ್ತದೆ. ನಮ್ಮ ನಾಲ್ಕನೆಯ ಮಣಿಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಅಂಥ ನುಣುಪು ಇತ್ತು. ಅದರ ಎದುರಿಗೆ ಬರುವ ಮೂರನೆಯದರ ರೆಕ್ಕೆಯಲ್ಲಿ ಏನೂ ಇಲ್ಲ. ಯಾವುದಕ್ಕೋ ತಾಗಿ ನುಣುಪಾಗಿದೆ, ಆ ಯಾವುದೋ ಅಲ್ಲಿಲ್ಲ.

ಎರಡನೆಯದು ಬೆಂಡಿನ ಬಿಲ್ಲೆ. ಮಣಿಗಳ ನಡುವೆ ಇಟ್ಟ ಬಿಲ್ಲೆಗಳೆಲ್ಲ 4 ಮಿಲಿಮೀಟರ್ ದಪ್ಪ. ಮೂರು ಮತ್ತು ನಾಲ್ಕರ ನಡುವಿನದು ಮಾತ್ರ 18. ಅದೂ ಒಂದೇ ತುಂಡಲ್ಲ, ಪದರದ ಮೇಲೆ ಪದರ ಅಂಟಿಸಿದ್ದು.

ಮೂರನೆಯದನ್ನು ಕಂಡಿದ್ದು ಅಟೆಂಡರ್ ಅಣ್ಣ. ಖಾಲಿ ಪೀಠ ಒರೆಸುತ್ತಿದ್ದವರು ಕರೆದರು. ಹಿಂದಿನ ಕಂಬದ ಹಿಂಬದಿಯಲ್ಲಿ ನಾಲ್ಕು ಹಳೇ ಸ್ಕ್ರೂ ತೂತು, ಪುಟ್ಟಿ ತುಂಬಿ ಪಾಲಿಶ್ ಹೊಡೆದಿದ್ದರು. ಈಗಿನ ಸ್ಕ್ರೂಗಳಿಂದ ಸರಿಯಾಗಿ 4 ಸೆಂಟಿಮೀಟರ್ ಹಿಂದೆ.

ಲೆಕ್ಕ ಹಾಕಿದೆವು. ಸೊಂಟದ ಒಂದು ಮಣಿ 5 ಸೆಂಟಿಮೀಟರ್, ಅದರ ಜತೆಗಿನ ಬಿಲ್ಲೆ 0.4. ಒಂದು ಮಣಿ ಹೋದರೆ ಒಟ್ಟು 5.4 ಕಮ್ಮಿ. ದಪ್ಪ ಬಿಲ್ಲೆಯಿಂದ ತುಂಬಿಸಿದ್ದು 1.4. ಉಳಿದದ್ದು 4. ಅಷ್ಟೇ ಕಂಬವನ್ನು ಮುಂದೆ ಎಳೆದಿದ್ದರು. ಮೊದಲು ಆರು ಇತ್ತು. ಯಾವುದೋ ಕಾಲದಲ್ಲಿ ಯಾರೋ ಬಿಚ್ಚಿದಾಗ ಒಂದು ಕಳೆದುಹೋಯಿತು, ಮಾತಿಲ್ಲದೆ ಹೊಂದಿಸಿಬಿಟ್ಟರು. ಆ ಮಣಿಗಾಗಿ ಬೀರು, ಅಟ್ಟ, ಪ್ರಾಕ್ಟಿಕಲ್ ಕ್ಲಾಸಿನ ಮೂಳೆ ಡಬ್ಬ ಎಲ್ಲ ಹುಡುಕಿದೆವು. ಒಂದು ಹಸುವಿನ ಮಣಿ ಸಿಕ್ಕಿತು, ನಮ್ಮದಲ್ಲ.

ಈ ತರಹದ್ದು ದೊಡ್ಡ ಜಾಗಗಳಲ್ಲೂ ಆಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಾಂಟ್ ಮ್ಯೂಸಿಯಂ ಅಂತ ಇದೆ, ಪ್ರಾಣಿಶಾಸ್ತ್ರದ್ದೇ. ಅಲ್ಲಿರುವ ಒಂದು ಅಸ್ಥಿಪಂಜರವನ್ನು ಬಹಳ ಕಾಲ ಜೀಬ್ರಾ ಎಂದೇ ತಿಳಿದಿದ್ದರು. ಆಮೇಲೆ ನೋಡಿದರೆ ಅದು ಕ್ವಾಗಾ. ದಕ್ಷಿಣ ಆಫ್ರಿಕಾದ, ಮೈಯ ಮುಂಭಾಗದಲ್ಲಿ ಮಾತ್ರ ಪಟ್ಟೆಯಿದ್ದ ಜೀಬ್ರಾ ಬಗೆ. ಕೊನೆಯದು 1883ರ ಆಗಸ್ಟ್ 12ರಂದು ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತು. ಅದರ ಅಸ್ಥಿಪಂಜರ ಇಡೀ ಜಗತ್ತಿನಲ್ಲಿ ಏಳೇ ಏಳು ಎಂದು ಲೆಕ್ಕ. ಅವರ ಕ್ವಾಗಾಕ್ಕೆ ಒಂದು ಹಿಂಗಾಲೇ ಇರಲಿಲ್ಲ. ಇತ್ತೀಚೆಗೆ ಬಿಚ್ಚಿ ಕಟ್ಟಿದಾಗ ಇನ್ನೊಂದು ಹಿಂಗಾಲನ್ನು ಸ್ಕ್ಯಾನ್ ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, 3ಡಿ ಪ್ರಿಂಟ್ ತೆಗೆದು ಜೋಡಿಸಿದರು. ನಮ್ಮ ಕಳೆದುಹೋದ ಮಣಿಗೂ ದಾರಿ ಅಲ್ಲಿಂದಲೇ ಹೊಳೆದದ್ದು.

ಜಿಡ್ಡು

ತೊಳೆಯುವ ಕೆಲಸ ಮೂರು ತಿಂಗಳು ತಿಂದಿತು. ಬರೆಯಲು ಹೆಚ್ಚಿಗೆ ಇಲ್ಲ, ಮಾಡಲು ಇತ್ತು.

ಮೊದಲು ಒಣ ಧೂಳು. ಮೆತ್ತನೆಯ ಬ್ರಷ್, ಬಾಯಿಗೆ ಬಲೆ ಬಟ್ಟೆ ಕಟ್ಟಿದ ವ್ಯಾಕ್ಯೂಮ್. ಬಲೆ ಯಾಕೆಂದರೆ ಸಣ್ಣ ಹಲ್ಲಿನ ಚೂರು ಹೀರಿಕೊಂಡು ಹೋದರೆ ಆಮೇಲೆ ಧೂಳಿನ ಚೀಲ ಜಾಲಾಡಬೇಕು. ಧೂಳಿನ ಕೆಳಗೆ ಕಂದು ಹೊಳಪು. ಹತ್ತಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ ಒಂದು ಮೂಲೆಯಲ್ಲಿ ಒತ್ತಿದೆ, ಹತ್ತಿ ಟೀ ಬಣ್ಣಕ್ಕೆ ತಿರುಗಿತು. ಅರಗಿನ ವಾರ್ನಿಷ್. ಹಿಂದೆ ಹೊಳಪು ಬರಲಿ ಅಂತ ಹೊಡೆದಿದ್ದಾರೆ. ಅದನ್ನು ಆಲ್ಕೋಹಾಲಿನಿಂದಲೇ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಒಳಗಿನ ಕೊಬ್ಬು ಹೊರಬರಲು ದಾರಿಯಿಲ್ಲ. ಕಿಲುಬನ್ನು ಬಿದಿರು ಕಡ್ಡಿಯಿಂದ ಕೆರೆದು ತೆಗೆದೆವು. ತುಕ್ಕಿನ ಕಲೆ ಹಾಗೇ ಬಿಟ್ಟೆವು. ತುಕ್ಕು ತೆಗೆಯುವ ಆಸಿಡ್ ಮೂಳೆಯ ಸುಣ್ಣವನ್ನೂ ಬಿಡಲ್ಲ.

ಉದ್ದ ಮೂಳೆಗಳನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಹಾಕಿದ ಟಬ್ಬಿನಲ್ಲಿ ನೆನೆಹಾಕಿದೆವು. ನೀರು ಕದಡಿದಾಗೆಲ್ಲ ಬದಲಿಸುವುದು. ತೊಡೆಮೂಳೆಗೆ ಆರು ವಾರ ಬೇಕಾಯಿತು. ಮೇಲೆ ತೇಲುವ ಹಳದಿ ಕೆನೆ, ಅದರ ವಾಸನೆ, ಇವನ್ನು ಇಲ್ಲಿ ವರ್ಣಿಸುವುದು ಬೇಡ. ಬಟ್ಟೆ ಒಗೆಯುವ ಪುಡಿ ಬೇಡ, ಅದರಲ್ಲಿ ಕಿಣ್ವ ಇರುತ್ತದೆ, ಮೂಳೆಯನ್ನು ಹಿಡಿದಿಡುವ ಪ್ರೋಟೀನಾದ ಕೊಲಾಜನ್ನನ್ನೇ ತಿನ್ನುತ್ತದೆ. ಕುದಿಸುವುದೂ ಬೇಡ. ಕುದಿಸಿದರೆ ಕೊಲಾಜನ್ ಜೆಲಟಿನ್ ಆಗಿ ಕರಗುತ್ತದೆ, ಕೊಬ್ಬು ಇನ್ನೂ ಆಳಕ್ಕೆ ಇಳಿಯುತ್ತದೆ. ತಲೆಬುರುಡೆಯನ್ನು ನೆನೆಸಲೇ ಇಲ್ಲ, ಒರೆಸಿದ್ದು ಮಾತ್ರ. ನೆಂದ ಹಲ್ಲು ಒಣಗುವಾಗ ಸೀಳುತ್ತದೆ. ಒಣಗಿಸಿದ್ದೂ ನೆರಳಿನಲ್ಲಿ, ಹಾಳೆ ಹೊದಿಸಿ, ನಿಧಾನಕ್ಕೆ.

ವಿಭಾಗದ ಹಿರಿಯ ಮೇಷ್ಟ್ರೊಬ್ಬರು ಬಂದು ನೋಡಿ, "ಇನ್ನೂ ಹಳದಿ ಇದೆಯಲ್ಲಮ್ಮ, ಒಂದಿಷ್ಟು ಬ್ಲೀಚ್ ಹಾಕಿ, ಮಲ್ಲಿಗೆ ತರಹ ಆಗುತ್ತೆ" ಅಂದರು. ಆಗುತ್ತದೆ. ಕೆಲವು ವರ್ಷಕ್ಕೆ ಸೀಮೆಸುಣ್ಣದ ತರಹವೂ ಆಗುತ್ತದೆ. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜ, ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜನ್. ಬ್ಲೀಚ್ ಆ ಕೊಲಾಜನ್ನನ್ನು ಸುಟ್ಟುಹಾಕುತ್ತದೆ, ಉಳಿಯುವುದು ಪುಡಿ. ಬೆಳ್ಳಗಾಗಲೇಬೇಕಿದ್ದರೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ವಾಸಿ. ನಾವು ಅದನ್ನೂ ಹಾಕಲಿಲ್ಲ. ಮೂಳೆಯ ಬಣ್ಣ ಕೆನೆಯ ಬಣ್ಣ. ಮೇಷ್ಟ್ರಿಗೆ ಅಷ್ಟು ಸಮಾಧಾನವಾದ ಹಾಗೆ ಕಾಣಲಿಲ್ಲ.

ಅಂಟು, ಮತ್ತು ಆ ಮಣಿ

ಹಳೇ ಒಡಕುಗಳಲ್ಲಿ ಎರಡು ಬಗೆಯ ಅಂಟು ಇತ್ತು. ಒಂದು ಬಡಗಿಗಳ ಹಳೇ ಅಂಟು, ಚರ್ಮ ಮೂಳೆ ಬೇಯಿಸಿ ಮಾಡುವುದು. ಮೂಳೆಗೆ ಮೂಳೆಯದೇ ಅಂಟು. ಅದು ಬೆಚ್ಚನೆಯ ಒದ್ದೆ ಹತ್ತಿ ಇಟ್ಟರೆ ಮೆತ್ತಗಾಗಿ ಬಿಟ್ಟುಕೊಂಡಿತು. ಇನ್ನೊಂದು ಎಪಾಕ್ಸಿ. ಅದು ಯಾವುದಕ್ಕೂ ಜಗ್ಗಲ್ಲ. ಮುಂಗಾಲಿನ ಎರಡು ಸಣ್ಣ ಮೂಳೆಗಳನ್ನು ಯಾರೋ ಎಪಾಕ್ಸಿಯಿಂದ ಓರೆಯಾಗಿ ಅಂಟಿಸಿದ್ದಾರೆ. ಬಿಡಿಸಲು ಹೋದರೆ ಅಂಟಿಗಿಂತ ಮೊದಲು ಮೂಳೆ ಒಡೆಯುತ್ತದೆ. ಹಾಗೇ ಬಿಟ್ಟಿದ್ದೇವೆ, ಈಗಲೂ ಓರೆ.

ನಾನು ಒಡೆದ ಎಂಟನೇ ಮಣಿಯನ್ನು ಪ್ಯಾರಲಾಯ್ಡ್‌ನಿಂದಲೇ ಅಂಟಿಸಿದೆ. ನಂಬರ್ ಬರೆಯಲು ಬಳಸಿದ್ದೇ, ಈ ಸಲ ಜೇನಿನಷ್ಟು ಗಟ್ಟಿ. ಅಂಚು ಕೂರಿಸಿ, ಮರಳಿನ ತಟ್ಟೆಯಲ್ಲಿ ಊರಿ, ಮೂರು ದಿನ ಬಿಟ್ಟೆ. ಯಾವಾಗ ಬೇಕಾದರೂ ಅಸಿಟೋನಿನಿಂದ ಬಿಚ್ಚಬಹುದು. ಇದಕ್ಕೂ ಒಂದು ಕೊರತೆ ಇದೆ. ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. ಭಾರ ಹೊರುವ ಕಡೆ ಇದನ್ನು ನಂಬಬಾರದು, ಅಲ್ಲಿಗೆ ಸರಳು, ತಂತಿ.

ಮಣಿಯ ಪ್ರಿಂಟ್ ಹೀಗೆ ಆಯಿತು. ಮೂರನೆಯ ಮಣಿಯನ್ನು ತಿರುಗುವ ಸ್ಟೂಲಿನ ಮೇಲಿಟ್ಟು ಮೊಬೈಲಿನಲ್ಲಿ ಸುತ್ತಲೂ 140 ಫೋಟೋ ತೆಗೆದೆವು. ಕಂಪ್ಯೂಟರ್ ಅದರಿಂದ ಒಂದು ಆಕಾರ ಕಟ್ಟಿಕೊಟ್ಟಿತು. ಅದರ ಹಿಂಬದಿಯನ್ನು ಅದರ ಹಿಂದೆ ಬರುವ ಮಣಿಗೆ, ಅಂದರೆ ನಾವು ನಾಲ್ಕನೆಯದೆಂದು ಎಣಿಸಿದ್ದ ನಿಜವಾದ ಐದನೆಯದಕ್ಕೆ, ಕೂಡುವಂತೆ ತಿದ್ದಬೇಕಿತ್ತು. ರೆಕ್ಕೆಯ ಆ ನುಣುಪು ಜಾಗ ಕೂಡ. ಮೊದಲ ಪ್ರಿಂಟ್ ಒಂದು ಸುತ್ತು ಚಿಕ್ಕದಾಯಿತು, ಅಳತೆ ತಪ್ಪು ಕೊಟ್ಟಿದ್ದೆ. ಎರಡನೆಯದು ಎಡಕ್ಕೆ ತಿರುಚಿತ್ತು. ಮೂರನೆಯ ಪ್ರಿಂಟನ್ನು ಇಟ್ಟು ಐದನೆಯ ಮಣಿಯನ್ನು ಹಿಂದಿನಿಂದ ಒತ್ತಿದಾಗ ಎರಡೂ ರೆಕ್ಕೆ ಒಟ್ಟಿಗೆ ತಾಗಿದವು. ಅಷ್ಟು ಹೊತ್ತು ಉಸಿರು ಹಿಡಿದಿದ್ದೆ ಅಂತ ಆಮೇಲೆ ಗೊತ್ತಾಯಿತು.

ಬಣ್ಣವನ್ನು ಬೇಕಂತಲೇ ಒಂದು ಛಾಯೆ ತಿಳಿ ಮಾಡಿದೆವು. ದೂರದಿಂದ ಬೇರೆ ಅನ್ನಿಸಬಾರದು, ಹತ್ತಿರ ಬಂದವರಿಗೆ ಗೊತ್ತಾಗಬೇಕು. ಹೊಟ್ಟೆಯ ಕಡೆ "ನಕಲು" ಅಂತ ಬರೆದೆವು.

ಕಟ್ಟುವುದು

ಹೊಸ ಸರಳು 12 ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್. ಬಗ್ಗಿಸಲು ರಟ್ಟಿನಲ್ಲಿ ಬೆನ್ನಿನ ಆಕಾರ ಕತ್ತರಿಸಿಕೊಂಡು ವರ್ಕ್‌ಶಾಪಿಗೆ ಹೋದೆ. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಬದುಕಿರುವ ಕುದುರೆಯ ಬೆನ್ನು ನೋಡಿದರೆ ನಡುವೆ ತಗ್ಗು ಕಾಣುತ್ತದೆ, ಹಾಗಂತ ಸರಳನ್ನೂ ತಗ್ಗಾಗಿ ಬಗ್ಗಿಸುತ್ತಾರೆ. ನಮಗೆ ಕಾಣುವುದು ಮಣಿಗಳ ಮೇಲಿನ ಮುಳ್ಳುಗಳ ತುದಿ. ಮುಂದಿನ ಮುಳ್ಳುಗಳು ಬಲು ಎತ್ತರ, ಹಿಂದಿನವು ಗಿಡ್ಡ. ಒಳಗೆ ಮಣಿಗಳ ಸಾಲು ಸ್ವಲ್ಪ ಮೇಲಕ್ಕೇ ಕಮಾನಾಗಿರುತ್ತದೆ. ವೆಲ್ಡರ್ ರಟ್ಟು ನೋಡಿ, "ಉಲ್ಟಾ ಹಿಡಿದಿದ್ದೀರಾ ಮೇಡಂ?" ಅಂದರು. ಇಲ್ಲ, ಹೀಗೇ ಅಂದೆ.

ಬೆಂಡಿನ ಬದಲು ಮಣಿಗಳ ನಡುವೆ ಪಾಲಿಎಥಿಲೀನ್ ಫೋಮ್ ಬಿಲ್ಲೆ. ಹಳೆಯ ಕಟ್ಟಿನಲ್ಲಿ ಪಕ್ಕೆಲುಬಿನ ಕೆಳತುದಿಯ ಮೆದುಮೂಳೆಯ ಜಾಗಕ್ಕೆ ಚರ್ಮದ ಪಟ್ಟಿ ಹಾಕಿದ್ದರು. ಅದನ್ನು ಮ್ಯೂಸಿಯಂ ದುಂಬಿಯ ಮರಿಗಳು ಜರಡಿ ಮಾಡಿದ್ದವು, ಸಂದಿಯಲ್ಲೆಲ್ಲ ಅವುಗಳ ರೋಮದ ಪೊರೆ. ಫೋಮನ್ನು ಅವು ಮುಟ್ಟಲ್ಲ. ತಂತಿಯೆಲ್ಲ ಸ್ಟೇನ್‌ಲೆಸ್. ಹೊಸ ತೂತು ಒಂದನ್ನೂ ಕೊರೆಯಲಿಲ್ಲ, ಹಳೆಯವೇ ಬೇಕಾದಷ್ಟಿದ್ದವು.

ಹಿಂದಿನ ಕಂಬ ತನ್ನ ಹಳೇ ತೂತುಗಳಿಗೇ ವಾಪಸ್ ಹೋಯಿತು. ಪುಟ್ಟಿ ಕೊರೆದು ತೆಗೆದೆವು, ಅದೇ ನಾಲ್ಕು ತೂತಿಗೆ ಹೊಸ ಸ್ಕ್ರೂ. ಒಂದು ಮಿಲಿಮೀಟರ್ ಕೂಡ ಹೊಂದಿಸಬೇಕಾಗಲಿಲ್ಲ.

ಹೆಗಲ ಹಲಗೆಗೆ ಎರಡು ದಿನ ಹೋಯಿತು. ಕುದುರೆಗೆ ಕೊರಳೆಲುಬು, ಅಂದರೆ ನಮ್ಮ ಹೆಗಲಿಗೆ ಇರುವಂಥ ಕಾಲರ್ ಬೋನ್, ಇಲ್ಲ. ಮುಂಗಾಲು ಮೈಗೆ ಅಂಟಿಕೊಂಡಿರುವುದು ಬರೀ ಮಾಂಸಖಂಡದಿಂದ, ಮೂಳೆಗೆ ಮೂಳೆ ಎಲ್ಲೂ ತಾಗುವುದಿಲ್ಲ. ಹಾಗಾಗಿ ಎಲ್ಲಿ ಕೂರಿಸಬೇಕು ಅಂತ ಮೂಳೆ ತಾನಾಗಿ ಹೇಳಲ್ಲ. ಹಳೇ ಫೋಟೋದಲ್ಲಿ ಹಲಗೆಯ ಮೇಲಂಚು ಮುಳ್ಳುಗಳ ತುದಿಯ ಮಟ್ಟಕ್ಕೇ ಇತ್ತು, ಕುದುರೆ ಹೆಗಲು ಕುಣಿಸಿ ನನಗೇನು ಗೊತ್ತು ಅಂದ ಹಾಗೆ. ಹಲಗೆಯ ಮೇಲ್ತುದಿಗೆ ಅಗಲವಾದ ಮೆದುಮೂಳೆ ಇರುತ್ತದೆ, ಮೂಳೆ ತಯಾರಿಸುವಾಗ ಅದು ಕಳಚಿಹೋಗುತ್ತದೆ. ಅದಕ್ಕೆ ಜಾಗ ಬಿಟ್ಟು ಕೆಳಗೆ ಕೂರಿಸಬೇಕು. ಇಳಿಸಿದೆವು. ಇಳಿಸಿದಷ್ಟೂ ಮುಂಗಾಲಿನ ಕೀಲುಗಳು ಮಡಚಿ, ಕಾಲು ನೇರ ನಿಲ್ಲಲಿಲ್ಲ. ಹಲಗೆಯನ್ನು ಇನ್ನಷ್ಟು ಓರೆ ಮಾಡಿದಾಗ ಕಾಲು ನೆಟ್ಟಗಾಯಿತು.

ಮುಂಗಾಲಿನ "ಮೊಣಕಾಲು" ಕಟ್ಟುವಾಗ ಸ್ಟೂಡೆಂಟ್ಸ್ ತಮ್ಮ ಕೈ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು. ನಾವು ಕುದುರೆಯ ಮೊಣಕಾಲು ಅನ್ನುವುದು ಅದರ ಮಣಿಕಟ್ಟು. ಅದರ ಕೆಳಗಿನ ಉದ್ದ ಮೂಳೆ ನಮ್ಮ ಅಂಗೈಯ ನಡುಮೂಳೆ. ಗೊರಸು ನಡುಬೆರಳಿನ ಉಗುರು. ಪಕ್ಕದ ಎರಡು ಬೆರಳುಗಳ ಅಳಿದುಳಿದ ಕುರುಹಾಗಿ ಎರಡು ಕಡ್ಡಿಯಂಥ ಮೂಳೆ ಅಂಟಿಕೊಂಡಿರುತ್ತವೆ. ನಮ್ಮಲ್ಲಿ ಎಂಟರಲ್ಲಿ ಏಳು ಉಳಿದಿವೆ. ಗೊರಸಿನೊಳಗಿನ ದೋಣಿಯಾಕಾರದ ಸಣ್ಣ ಮೂಳೆ ನಾಲ್ಕರಲ್ಲಿ ಒಂದೇ. ಅವಕ್ಕೆ ಪ್ರಿಂಟ್ ಮಾಡಿಲ್ಲ, ಹೊರಗಿಂದ ಕಾಣಲ್ಲ, ಪಟ್ಟಿಯಲ್ಲಿ "ಇಲ್ಲ" ಅಂತ ಬರೆದಿದ್ದೇವೆ.

ತಲೆಬುರುಡೆ ಕೂರಿಸಿದ ದಿನ ನಾಲ್ಕು ಜನ ಸುತ್ತ ನಿಂತು ಕೈ ಬಿಟ್ಟೆವು. ತೂಗುಗುಂಡು ಇಳಿಬಿಟ್ಟೆ. 3 ಮಿಲಿಮೀಟರ್.

ಪೀಠದ ಅಡಿಯಲ್ಲಿ ಒಂದು ಸಣ್ಣ ಡ್ರಾಯರ್ ಮಾಡಿಸಿದ್ದೇವೆ. ಅದರಲ್ಲಿ ಮೂಳೆಗಳ ಪಟ್ಟಿ, ಎಲ್ಲ ಫೋಟೋಗಳ ಪ್ರಿಂಟ್, ಯಾವ ಅಂಟು ಎಲ್ಲೆಲ್ಲಿ ಎಂಬ ನಕ್ಷೆ, ಐದು ಬಗೆಯ ಹಳೇ ತಂತಿಯ ತುಂಡು, 18 ಮಿಲಿಮೀಟರಿನ ಆ ಬೆಂಡಿನ ಬಿಲ್ಲೆ. ಎಂಟನೇ ಎದೆಮಣಿ ಒಡೆದದ್ದು ಯಾರು, ಹೇಗೆ ಎಂಬುದೂ ಬರೆದಿದೆ. ಹಳೇ ಲೇಬಲ್ ಕೂಡ ಅಲ್ಲೇ ಇದೆ. ಹೊಸದರಲ್ಲಿ "ಕುದುರೆ, ಗಂಡು, ವಯಸ್ಸು ಅಂದಾಜು 15 ದಾಟಿದ್ದು, ಸೊಂಟದ ನಾಲ್ಕನೇ ಮಣಿ ನಕಲು" ಅಂತಿದೆ.

ಒಂದು ಕೆಲಸ ಬಾಕಿ. ಹಾಲಿನ ಬಾಗಿಲನ್ನು ಯಾರಾದರೂ ಧಡಾರನೆ ಹಾಕಿದರೆ ಬಾಲ ಅಲ್ಲಾಡುತ್ತದೆ. ತಂತಿ ಬಿಗಿ ಮಾಡಿ ನೋಡಿದೆ, ಆಗಲಿಲ್ಲ. ದಪ್ಪ ತಂತಿ ಹಾಕೋಣವೆಂದರೆ ಬಾಲದ ತುದಿಯ ಮಣಿಗಳ ತೂತು ಸಾಲದು. ಕೊನೆಗೆ ಅಟೆಂಡರ್ ಅಣ್ಣ ಬಾಗಿಲಿನ ಚೌಕಟ್ಟಿಗೆ ಸುತ್ತಲೂ ರಬ್ಬರ್ ಪಟ್ಟಿ ಹೊಡೆದಿದ್ದಾರೆ. ಸದ್ಯಕ್ಕೆ ಬಾಲ ಸುಮ್ಮನಿದೆ.